ಹಿಂದಿನ ಪುಡಿ

ಗಂಡನ ಅಂತ್ಯಸಂಸ್ಕಾರ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳನ್ನು ಎಬ್ಬಿಸಿದ್ದು ಅವನ ಪ್ರಯೋಗಾಲಯದ ಸ್ಟೋರ್‌ಕೀಪರನ ಫೋನು.

"ಅಮ್ಮಾ, ಇಂಥ ಹೊತ್ತಲ್ಲಿ ಕೇಳಬಾರ್ದು. ಸಾಹೇಬ್ರು ಒಯ್ದಿದ್ದ ಒಂದು ಕುಟ್ಟಾಣಿ ವಾಪಸ್ ಬಂದಿಲ್ಲ. ಅಗೇಟ್ ಕಲ್ಲಿಂದು, ಅಂಗೈಯಷ್ಟು. ಇವತ್ತು ತಂದ್ಕೊಟ್ರೆ 'ಬಾಕಿ ಇಲ್ಲ' ಅಂತ ಚೀಟಿ ಕೊಟ್ಬಿಡ್ತೀನಿ."

ಅವಳಿಗೂ ಆ ಚೀಟಿ ಬೇಕಾಗಿತ್ತು. ಗಂಡ ಪಿಎಚ್.ಡಿ. ಮುಗಿದರೂ ಸಂಶೋಧನೆ ಬಿಡದೆ, ಮೂರು ವರ್ಷ ಕೂತು ಒಂದು ಯಂತ್ರ ಕಟ್ಟಿದ್ದ. ಕಲ್ಲೋ ಮಣ್ಣೋ ಮಾತ್ರೆಯೋ, ಪುಡಿ ಮಾಡಿ ತಟ್ಟೆಯಲ್ಲಿಟ್ಟರೆ ಸಾಕು. ಯಂತ್ರವೇ ಕೈಚಾಚಿ ಎತ್ತಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಹಾಯಿಸಿ, ಅದು ಏನೆಂದು ಹೇಳುತ್ತಿತ್ತು. ಯಂತ್ರ ಆಡುವ ನಾಲ್ಕು ಮಾತಿಗೆ ಅವನು ತನ್ನ ದನಿಯನ್ನೇ ಕೊಟ್ಟಿದ್ದ. ಮನೆಯಲ್ಲಿ ಆ ದನಿ ಎಲ್ಲೂ ಉಳಿದಿರಲಿಲ್ಲ. ವಿಡಿಯೊ ತೆಗೆಯುವಾಗಲೂ ಅವನು ಮಾತಾಡದೆ ಹುಬ್ಬು ಹಾರಿಸಿಯೇ ನಗಿಸುತ್ತಿದ್ದ.

ಪ್ರಯೋಗಾಲಯದಲ್ಲಿ ಅವನ ಪಕ್ಕದ ಮೇಜಿನ ಗೆಳೆಯ ಮಾತು ಕೊಟ್ಟಿದ್ದ: "ಅತ್ತಿಗೆ, ಚೀಟಿ ಆಗೋವರೆಗೆ ಯಂತ್ರದಿಂದ ಏನೂ ಹೊರಗೆ ಕೊಡೋ ಹಾಗಿಲ್ಲ. ಆದ ಎರಡೇ ನಿಮಿಷಕ್ಕೆ ಅಣ್ಣನ ದನಿ ಪೆನ್‌ಡ್ರೈವಿಗೆ ಹಾಕ್ಕೊಡ್ತೀನಿ."

ಅವಳು ಕಪಾಟು ನೋಡಿದಳು, ಮಂಚದಡಿ ನೋಡಿದಳು, ಅವನ ಕೋಟಿನ ಜೇಬು ತಡಕಿದಳು. ಸಿಕ್ಕಿದ್ದು ಅರ್ಧ ಪೆಪ್ಪರ್‌ಮಿಂಟು. ಬಾಗಿಲು ತೆರೆದೇ ಇತ್ತು. ತೆರೆದ ಬಾಗಿಲೆಂದರೆ ಎದುರುಮನೆ ಆಂಟಿಗೆ, ಇರುವೆಗೆ ಸಕ್ಕರೆ ಡಬ್ಬಿ ಇದ್ದಂತೆ.

"ಏನ್ ಹುಡುಕ್ತಿದೀಯಮ್ಮಾ?... ಕುಟ್ಟಾಣಿನಾ? ಅಯ್ಯೋ, ನಮ್ಮನೇಲಿದೆ! ಮಿಕ್ಸಿ ಕೆಟ್ಟಿದೆ ಅಂದಿದ್ದಕ್ಕೆ ನಿನ್ ಗಂಡ 'ಎರಡು ದಿನ ಇಟ್ಕೊಳ್ಳಿ' ಅಂತ ಕೊಟ್ಟ. ಎಂಟು ತಿಂಗಳಾಯ್ತು. ಮೆಣಸು ಎಷ್ಟು ನುಣ್ಣಗಾಗುತ್ತೆ ಅಂತೀಯ!"

ಎರವಲು ತಂದದ್ದನ್ನೇ ಎರವಲು ಕೊಡುವ ಪುಣ್ಯಾತ್ಮ. ಅವಳಿಗೆ ನಗು ಬಂತು.

ಆಂಟಿ ಕುಟ್ಟಾಣಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, "ಒಬ್ಳೇ ಹೋಗ್ಬೇಡ" ಎಂದು ಜೊತೆಗೇ ಹೊರಟರು. ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಹೆಂಗಸಿಗೆ ಪಿಸುಗುಟ್ಟಿದರು: "ಪಾಪ, ಇವಳ ಗಂಡಂದು." ಆ ಹೆಂಗಸು ಅಸ್ಥಿಯೆಂದುಕೊಂಡು ದಡಕ್ಕನೆ ಎದ್ದು ಕೈಮುಗಿದಳು. ಆಕೆಯನ್ನು ನೋಡಿ ಹಿಂದಿನವರು ಎದ್ದರು, ಅವರನ್ನು ನೋಡಿ ಅವರ ಹಿಂದಿನವರು. ಅರ್ಧ ಬಸ್ಸು ನಿಂತೇ ಪ್ರಯಾಣ ಮಾಡಿತು. ಕಂಡಕ್ಟರ್ ಗಂಟಿನ ಹತ್ತಿರ ಬಾಗಿ ಕಣ್ಣೊರೆಸಿಕೊಂಡ; ದುಃಖಕ್ಕೋ ಮೆಣಸಿನ ಘಾಟಿಗೋ ಅವನಿಗೇ ಗೊತ್ತು.

ಸ್ಟೋರ್‌ಕೀಪರ್ ಕುಟ್ಟಾಣಿ ಮೂಸಿ ಎರಡು ಸಲ ಸೀನಿದ.

"ಹೀಗೇ ತಗೊಳೋಕಾಗಲ್ಲಮ್ಮ. ಹಿಂದಿನ ಪುಡಿ ಮುಂದಿನದಕ್ಕೆ ಅಂಟಬಾರ್ದು ಅನ್ನೋದು ಸಾಹೇಬ್ರೇ ಮಾಡಿದ ಕಾನೂನು. ತೊಳೆದು ಯಂತ್ರದ ಹತ್ರ ಒಪ್ಪಿಗೆ ತಗೊಳ್ಳಿ."

ಅವಳು ನಲ್ಲಿಯಲ್ಲಿ ತೊಳೆದು ತಂದು ತಟ್ಟೆಯಲ್ಲಿಟ್ಟಳು. ಯಂತ್ರದ ಕೈ ಬಂತು, ಎತ್ತಿಕೊಂಡಿತು, ಒಳಗೆಲ್ಲೋ ಗುಂಯ್ ಎಂದಿತು.

"ಹಿಂದಿನದು ಇನ್ನೂ ಇದೆ. ದಯವಿಟ್ಟು ಮತ್ತೊಮ್ಮೆ ತೊಳೆಯಿರಿ."

"ಅಯ್ಯಯ್ಯೋ, ಮಾತಾಡ್ದ!" ಎಂದು ಆಂಟಿ ಸ್ಟೂಲಿನ ಮೇಲೆ ಕುಸಿದರು.

ಅವನೇ. ಮೂಗು ಕಟ್ಟಿದ 'ದಯವಿಟ್ಟು'. ದನಿ ಮುದ್ರಿಸಿದ ದಿನ ಅವನಿಗೆ ನೆಗಡಿಯಾಗಿತ್ತು. ಬಿಸಿನೀರು ಕಾಯಿಸಿ ಕೊಟ್ಟು ಕಳಿಸಿದ್ದಳು.

ಅವಳು ಮತ್ತೆ ತೊಳೆದಳು, ಅಷ್ಟೇನೂ ಚೆನ್ನಾಗಿ ಅಲ್ಲ.

"ಹಿಂದಿನದು ಇನ್ನೂ ಇದೆ."

ಮೂರನೆಯ ಸಲ ಬರೀ ಒದ್ದೆ ಮಾಡಿ ತಂದಳು. ನಾಲ್ಕನೆಯ ಸಲ ನಲ್ಲಿ ತಿರುಗಿಸಿ, ನಿಲ್ಲಿಸಿ, ಹಾಗೇ ತಂದಳು. ಪ್ರತಿ ಸಲವೂ ಅವನು ಬೇಸರವಿಲ್ಲದೆ ಹೇಳಿದ, ಮನೆಯಲ್ಲಿ ಎಂದೂ ಇರದಷ್ಟು ತಾಳ್ಮೆಯಿಂದ.

ಐದನೆಯ ಸಲಕ್ಕೆ ಆಂಟಿಯ ತಾಳ್ಮೆ ಮುಗಿಯಿತು. "ಒಂದು ಪಾತ್ರೆ ತೊಳೆಯೋಕೆ ಬರಲ್ವಲ್ಲೇ ನಿಂಗೆ! ಕೊಡಿಲ್ಲಿ!" ಕುಟ್ಟಾಣಿ ಕಸಿದುಕೊಂಡು, ಸೋಪು ಹಾಕಿ, ಬ್ರಷ್ಷಿನಿಂದ ತಿಕ್ಕಿ, ಸ್ಪಿರಿಟ್ ಸುರಿದು, ಕನ್ನಡಿಯ ಹಾಗೆ ಹೊಳೆಯಿಸಿ ತಾವೇ ತಟ್ಟೆಯಲ್ಲಿಟ್ಟರು. ಅವಳು ಬೇಡವೆನ್ನಲು ಬಾಯಿ ತೆರೆದಳು; ಯಾಕೆಂದು ಕೇಳಿದರೆ ಹೇಳುವಂಥದ್ದಲ್ಲ.

"ಎಲ್ಲ ಶುಚಿಯಾಗಿದೆ," ಎಂದ ಅವನು. "ಹೋಗಿ ಬನ್ನಿ."

ಹೋಗಲಿ, ಇನ್ನು ಬೇಕೆಂದಾಗ ಕೇಳಬಹುದಲ್ಲ ಎಂದುಕೊಂಡಳು. ಸ್ಟೋರ್‌ಕೀಪರ್ ಸಂತೋಷದಿಂದ ಯಂತ್ರದ ಗುಂಡಿ ಒತ್ತಿದ. ಚೀಟಿ ಹೊರಬಂತು: ಬಾಕಿ ಇಲ್ಲ. ಗೆಳೆಯ ಪೆನ್‌ಡ್ರೈವ್ ಹಿಡಿದು ಓಡಿಬಂದು ಯಂತ್ರದ ಮುಂದೆ ಕೂತ. ಎರಡು ನಿಮಿಷವಾಯಿತು. ಹತ್ತಾಯಿತು.

"ಅತ್ತಿಗೆ..." ಅವನು ತಿರುಗಿ ನೋಡಲಿಲ್ಲ. "'ಬಾಕಿ ಇಲ್ಲ' ಅಂತ ಒತ್ತಿದ ಕೂಡ್ಲೇ ಹೋಗೋರ ಕಡತ, ದನಿ ಎಲ್ಲಾ ತಾನಾಗಿ ಅಳಿಸಿಹೋಗ್ಲಿ ಅಂತ ಅಣ್ಣನೇ ಬರೆದಿಟ್ಟಿದ್ದಾನೆ. ಮುಂದೆ ಬರೋರಿಗೆ ಹಿಂದಿನವರದು ಏನೂ ಅಂಟಬಾರ್ದು ಅಂತ. ಈ ಯಂತ್ರ ಬಿಟ್ಟು ಹೋದವ್ರಲ್ಲಿ ಅವನೇ ಮೊದಲು... ನಂಗೆ ಗೊತ್ತೇ ಇರ್ಲಿಲ್ಲ."

ಅವಳು ಕುಟ್ಟಾಣಿಯನ್ನು ಮತ್ತೊಮ್ಮೆ ತಟ್ಟೆಯಲ್ಲಿಟ್ಟಳು. ಕೈ ಬಂತು, ಎತ್ತಿಕೊಂಡಿತು, ಗುಂಯ್ ಎಂದಿತು. ಒಂದು ಹಸಿರು ದೀಪ ಹತ್ತಿತು, ಅಷ್ಟೆ.

ಸ್ಟೋರ್‌ಕೀಪರ್ ಮೆಲ್ಲನೆ ಅಂಗೈ ಚಾಚಿದ.

ಕೊಡುವ ಮೊದಲು ಅವಳು ಕುಟ್ಟಾಣಿಯನ್ನು ಮೂಗಿಗೆ ಹಿಡಿದು ನೋಡಿದಳು. ಮೆಣಸಿನ ವಾಸನೆಯೂ ಇರಲಿಲ್ಲ.

ಕೊಟ್ಟಳು.