ಕಾಕಾನ ಖಾಲಿ ಹೊಲಗಳು

ನಾನು ನಿಂತಿದ್ದು ಪುಣೆ ಹತ್ತಿರದ ಸಾಸವಡದ ಕಡೆ ಒಂದು ಮಣ್ಣಿನ ರನ್‌ವೇ ಪಕ್ಕ, ಬೇವಿನ ಮರದ ಕೆಳಗೆ. ಹೋದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಗ್ಗೆ. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಕಾಕಾನ ಸಂಗತಿಯನ್ನು ಸಾಕ್ಷಿಯಿಲ್ಲದೆ ಹೇಳಿದರೆ ಯಾರು ನಂಬುತ್ತಾರೆ? ಹಾರುವುದಕ್ಕಿಂತ ಇಳಿಯುವುದನ್ನೇ ಹೆಚ್ಚು ಯೋಚಿಸುವ ಪೈಲಟ್ ಇಡೀ ಪುಣೆಗೆ ಅವರೊಬ್ಬರೇ!

ಮೂಲ ಧಾರವಾಡದವರು, ಪುಣೆಯ ಧನಕವಡಿಯಲ್ಲಿ ಮನೆ. ನಿವೃತ್ತರಾದ ಮೇಲೆ ಎರಡು ಸೀಟಿನ ಪುಟ್ಟ ವಿಮಾನ ಹಾರಿಸಲು ಕಲಿತರು. ‘ಇರುವುದು ಒಂದೇ ಎಂಜಿನ್. ಅದು ನಿಂತರೆ ಇಳಿಯಲು ಒಂದು ಖಾಲಿ ಹೊಲ ಸದಾ ಕಣ್ಣಲ್ಲಿರಲಿ’ ಎಂದು ಕಲಿಸಿದವರು ಹೇಳಿದ್ದೇ ತಡ, ಕಾಕಾ ಅದನ್ನು ನೆಲದ ಮೇಲೂ ಪಾಲಿಸತೊಡಗಿದರು. ಸ್ಕೂಟರ್ ಓಡಿಸುತ್ತಲೇ ಬಯಲು ತೋರಿಸುವರು.

“ಇಲ್ಲೆ ಆರಾಮ ಇಳೀಬಹುದು ನೋಡ.”

“ಮೊದಲ ಸ್ಕೂಟರ್ ಮ್ಯಾಲಿಂದ ಇಳೀರಿ. ಮನಿ ಬಂತು,” ಎನ್ನುವರು ಹಿಂದೆ ಕೂತ ಅವರ ಹೆಂಡತಿ, ನಮ್ಮ ಕಾಕು.

ಶನಿವಾರ ಬಂತೆಂದರೆ ಮಾರ್ಕೆಟ್ ಯಾರ್ಡ್. ತರಕಾರಿಗೆ ಅಂದುಕೊಂಡಿರಾ? ಅಲ್ಲ! ಯಾವ ಊರಿನ ಬೆಳೆ ಕಿತ್ತು ಹೊಲ ಖಾಲಿಯಾಯಿತೆಂದು ವಿಚಾರಿಸಲು. ಈರುಳ್ಳಿ ಮೂಟೆ ಹೊರುತ್ತಿದ್ದ ವಿಜಯಪುರದ ಹಮಾಲನೊಬ್ಬ ಬೇಸತ್ತು ಕೇಳಿದ: “ಯಜಮಾನ್ರ, ನಿಮಗ ಉಳ್ಳಾಗಡ್ಡಿ ಬೇಕೋ, ಹೊಲಾ ಬೇಕೋ?”

“ಹೊಲಾನ ಬೇಕಪಾ. ಒಂದ ನಿಮಿಷಕ್ಕ ಸಾಕು!”

ಆ ಭಾನುವಾರ ಆ ನಿಮಿಷ ಬಂತು. ಒಬ್ಬರೇ ಹಾರುತ್ತಿದ್ದರು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಆ ಮೌನವನ್ನು ನಾನು ಮರೆಯಲಾರೆ. ವಿಮಾನ ರನ್‌ವೇಯನ್ನು ಮುಟ್ಟುವಂತಿರಲಿಲ್ಲ. ಆದರೆ ಎದುರಿಗೇ ಈರುಳ್ಳಿ ಕಿತ್ತ ಹೊಲ, ಅಂಗೈಯಂತೆ ಸಪಾಟು. ಕಾಕಾ ಅದರತ್ತ ತಿರುಗಿದರು. ನಾನು ನೆಮ್ಮದಿಯ ಉಸಿರು ಬಿಟ್ಟೆ. ಮರುಕ್ಷಣ, ಇನ್ನೇನು ಇಳಿಯಬೇಕು, ರೆಕ್ಕೆ ಓರೆಯಾಯಿತು. ಹೊಲ ದಾಟಿ ಹೋದರು!

“ಅಯ್ಯ, ಅದನ್ಯಾಕ ಬಿಟ್ರಿ!” ನನ್ನ ಪಕ್ಕ ನಿಂತಿದ್ದ ಕಾಕು ಆಕಾಶವನ್ನೇ ಬೈದರು. ನನ್ನ ತೋಳಿನಲ್ಲಿ ಅವರ ಉಗುರು ಇಳಿದಿತ್ತು.

ಆಚೆಯ ಜೋಳದ ಕೂಳೆ ಹೊಲದಲ್ಲಿ ವಿಮಾನ ಕುಪ್ಪಳಿಸಿ, ಬದುವಿಗೆ ಬಡಿದು, ಒಂದು ಗಾಲಿ ಕಳೆದುಕೊಂಡು ಮಗ್ಗುಲಾಯಿತು. ನಾವು ಓಡಿದೆವು. ಕಾಕಾ ತಾವೇ ಹೊರಬಂದು ನೆಲದ ಮೇಲೆ ಕೂತಿದ್ದರು. ಗಲ್ಲದಿಂದ ರಕ್ತ ಸೋರುತ್ತಿತ್ತು.

“ವರ್ಷಗಟ್ಟಲೆ ಹೊಲಾ ಹುಡುಕಿದ್ರಿ. ಸಿಕ್ಕಾಗ ಬಿಡೂದ?” ಕಾಕು ಅಳುತ್ತಲೇ ಗದರಿದರು, ಸೆರಗಿನಿಂದ ಗಲ್ಲ ಒತ್ತಿದರು.

“ಅದು ಖಾಲಿ ಇರಲಿಲ್ಲ,” ಎಂದರು ಕಾಕಾ, ಮೆಲ್ಲಗೆ. “ಬದುವಿನ ಮಗ್ಗಲಾಗ ಹೆಣ್ಣುಮಕ್ಕಳು ಕುಂತು ಉಳ್ಳಾಗಡ್ಡಿ ತುಂಬಲಿಕ್ಕೆ ಹತ್ತಿದ್ರು. ಬೆನ್ನು ನನ್ನ ಕಡೆ. ಸಪ್ಪಳಿಲ್ಲದ ವಿಮಾನ ಬರೂದು ಅವರಿಗರೆ ಹೆಂಗ ಗೊತ್ತಾಗಬೇಕು?”

ಇದನ್ನು ಕಂಡವರು ನಾನು ಮತ್ತು ಕಾಕು. ಜೊತೆಗೆ, ಆ ಹೊಲದಲ್ಲಿ ಕೂತು ಬೆನ್ನ ಮೇಲೆ ನೆರಳು ಹಾದಾಗಷ್ಟೇ ತಲೆಯೆತ್ತಿದ ಶೇವಂತಾಬಾಯಿ, ಹಿರಾಬಾಯಿ, ಆಕೆಯ ಬಸುರಿ ಸೊಸೆ ಮಂಗಲ. ಎಲ್ಲರೂ ಇದ್ದಾರೆ.