ಎಳನೀರು ಬಣ್ಣದ ಕಾರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪೆಟ್ರೋಲ್ ಇಂಜಿನ್ನಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿಕೊಂಡು ಬಿಡಿಸಬಲ್ಲೆ. ಬಾಣ ಹಾಕಿ ಭಾಗಗಳನ್ನೂ ಗುರುತಿಸಬಲ್ಲೆ. ಇಷ್ಟು ಬಲ್ಲವನಿಗೆ ಒಂದು ಪುಟ್ಟ ಹಳೆಯ ಕಾರನ್ನು ಸರಿಮಾಡುವುದು ಯಾವ ಮಹಾ ಕೆಲಸ ಎಂದು ನಾನು ಪೂರ್ಣ ಮನಸ್ಸಿನಿಂದ ನಂಬಿದ್ದೆ.

ಕಾರು ಅಪ್ಪನದು. ದುಂಡು ದೀಪ, ಸ್ಟೀರಿಂಗಿನ ಕುತ್ತಿಗೆಗೇ ಗೇರು, ಬೆನ್ನು ಸ್ವಲ್ಪ ಗೂನು. ಅಪ್ಪ ಹೋದ ಮೇಲೆ ಅದು ಅರಸೀಕೆರೆಯ ನಮ್ಮ ಮನೆಯ ಹಿತ್ತಲಲ್ಲಿ, ಕೊಬ್ಬರಿ ಅಟ್ಟದ ಕೆಳಗೆ ನಿಂತುಬಿಟ್ಟಿತ್ತು. ಮೇಲೆ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುತ್ತಿತ್ತು, ಕೆಳಗೆ ಕಾರು ಒಣಗಿ ತುಕ್ಕಾಗುತ್ತಿತ್ತು. ಕೊಬ್ಬರಿಗಾದರೂ ಮಾರುಕಟ್ಟೆ ಇತ್ತು.

ಹೀಗಿರುವಾಗ ಹಳೇಬೀಡಿನಲ್ಲಿರುವ ನಮ್ಮ ಚಿಕ್ಕಮ್ಮ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರು. ಅಮ್ಮನಿಗೆ ಇರುವುದು ಅವರೊಬ್ಬರೇ ತಂಗಿ. ತಂಗಿ ಬರುವ ಹಾಗಿಲ್ಲ, ಅಕ್ಕ ಹೋಗುವ ಹಾಗೂ ಇಲ್ಲ. ಯಾಕೆಂದರೆ ಅಮ್ಮನಿಗೆ ವಾಹನ ಆಗುವುದಿಲ್ಲ. ಬಸ್ಸು ಹತ್ತಿದರೆ ಊರು ದಾಟುವಷ್ಟರಲ್ಲಿ ವಾಂತಿ. ಗಾಜು ಮುಚ್ಚಿದ ಏಸಿ ಕಾರಾದರೆ ನಮ್ಮ ಬೀದಿ ದಾಟುವಷ್ಟರಲ್ಲೇ. ಅಪ್ಪನ ಕಾರಿನಲ್ಲಿ ಮಾತ್ರ ಯಾವತ್ತೂ ಹಾಗಾಗಿರಲಿಲ್ಲ. ಅದರ ಮುಂದಿನ ಕಿಟಕಿಯ ಮೂಲೆಯಲ್ಲಿ ಮುಕ್ಕೋಣದ ಒಂದು ಪುಟ್ಟ ಗಾಜಿದೆ. ಅದನ್ನು ತಿರುಗಿಸಿದರೆ ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತದೆ. ಅಮ್ಮ ಆ ಗಾಳಿ ಕುಡಿಯುತ್ತಾ ಮೈಸೂರಿನವರೆಗೂ ಹೋಗಿ ಬಂದಿದ್ದುಂಟು.

ಅಕ್ಕತಂಗಿಯರು ಫೋನಿನಲ್ಲಿ ಮಾತಾಡುತ್ತಿದ್ದರು, ನಿಜ. ಆದರೆ ಇಬ್ಬರಿಗೂ ಕಿವಿ ಮಂದ. ಚಿಕ್ಕಮ್ಮ ಕಾಲುನೋವಿನ ಸಂಗತಿ ಹೇಳಿದರೆ ಅಮ್ಮ ಈ ಕಡೆಯಿಂದ ಬೆಳಗಿನ ತಿಂಡಿಯ ವಿವರ ಕೊಡುತ್ತಿದ್ದರು. ಒಂದು ದಿನ ಫೋನಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಿಮ್ಮಪ್ಪನ ಕಾರು ಓಡಂಗಿದ್ರೆ, ಹೋಗಿ ಒಂದ್ಗಳಿಗೆ ಅವಳ ಪಕ್ಕ ಕೂತಿದ್ದು ಬತ್ತಿದ್ದೆ ಕಣೋ ಶಂಕ್ರ."

ಓಡುತ್ತೆ ಬಿಡಮ್ಮ, ನಾನೇ ಓಡಿಸ್ತೀನಿ ಎಂದುಬಿಟ್ಟೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಶೈಲಾ ತಲೆಯೆತ್ತಿ, ನಾನು ಹಿಂದೆ ಮಿಕ್ಸಿ ಬಿಚ್ಚಿದ್ದನ್ನು ನೆನಪಿಸಿದಳು. ಮಿಕ್ಸಿಯಲ್ಲಿ ಅಂತರ್ದಹನ ಕ್ರಿಯೆ ನಡೆಯುವುದಿಲ್ಲ, ಅದು ನನ್ನ ವಿಷಯವೇ ಅಲ್ಲ ಎಂದು ಗಂಭೀರವಾಗಿ ವಿವರಿಸಿದೆ. ಅವಳು ಒಂದೇ ಷರತ್ತು ಹಾಕಿದಳು. ಇಂಜಿನ್ನನ್ನು ನಾನು ಮುಟ್ಟಕೂಡದು.

ಅದರಂತೆ ಮೆಕ್ಯಾನಿಕ್ ಒಬ್ಬರು ಬಂದು ಇಂಜಿನ್ ಇಳಿಸಿ ಒಯ್ದರು, ರಿಪೇರಿ ಮಾಡಿ ತಂದು ಕೂರಿಸಿದರು, ಬ್ರೇಕನ್ನೂ ಸರಿಮಾಡಿಕೊಟ್ಟರು. ಇವತ್ತಿಗೂ ಆ ಕಾರಿನಲ್ಲಿ ತಕರಾರಿಲ್ಲದೆ ಕೆಲಸ ಮಾಡುವ ಭಾಗಗಳು ಅವೆರಡೇ.

ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು. ಒಂದು ಶನಿವಾರ ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳ, ಸೀಟು ಎಲ್ಲವನ್ನೂ ಬಿಚ್ಚಿದೆ. ಬಿಚ್ಚುವುದು ನಿಜಕ್ಕೂ ಸುಲಭ. ಸ್ಕ್ರೂಗಳು ಬೆರೆಯಬಾರದೆಂದು ವೈಜ್ಞಾನಿಕ ವಿಧಾನವೊಂದನ್ನು ಅನುಸರಿಸಿದೆ. ಅಡುಗೆಮನೆಯಿಂದ ಇಡ್ಲಿತಟ್ಟೆ ತಂದು, ಒಂದೊಂದು ಭಾಗದ ಸ್ಕ್ರೂಗಳನ್ನು ಒಂದೊಂದು ಗುಳಿಗೆ ಹಾಕಿಟ್ಟೆ. ನೋಡಲು ಬಹಳ ಚೆನ್ನಾಗಿತ್ತು. ಮಾರನೆಯ ದಿನ ಸ್ನಾನ ಮುಗಿಸಿ ಬರುವಾಗ ಇಡ್ಲಿತಟ್ಟೆಗಳು ಫಳಫಳ ಹೊಳೆಯುತ್ತಾ ಬಿಸಿಲಿಗೆ ಒರಗಿದ್ದವು. ಅಮ್ಮ ನನಗೆ ಸಹಾಯ ಮಾಡಿದ್ದರು.

"ಎಷ್ಟು ತುಕ್ಕು ಹಿಡಿದಿದ್ವೋ ಮಾರಾಯ. ಎಲ್ಲಾನೂ ಬಕೀಟಿಗೆ ಸುರ್ಕೊಂಡು, ಹುಣಸೆಹಣ್ಣು ಹಾಕಿ ಉಜ್ಜಿದೀನಿ ನೋಡು."

ನೋಡಿದೆ. ಬಕೀಟಿನ ತುಂಬ ಸ್ಕ್ರೂಗಳು ಬೆಳ್ಳಿಯಂತೆ ಮಿನುಗುತ್ತಿದ್ದವು. ಯಾವುದು ಯಾರ ಮನೆಯದೆಂದು ಹೇಳುವವರು ಯಾರೂ ಇರಲಿಲ್ಲ. ಬಹಳ ಚೆನ್ನಾಗಿ ಉಜ್ಜಿದ್ದೀಯಮ್ಮ ಎಂದೆ. ಬೇರೇನು ಹೇಳಲಿ?

ತುಕ್ಕು ಉಜ್ಜಿ ಬಣ್ಣ ಹೊಡೆಯುವ ಕೆಲಸವನ್ನು ನೆಂಟರಿಗೆ ಹಂಚಿದೆ. ಹಾರನಹಳ್ಳಿಯಲ್ಲಿರುವ ನಮ್ಮಕ್ಕ ಗಿರಿಜಾ ಡಿಕ್ಕಿಯ ಮುಚ್ಚಳ ಒಯ್ದಳು. ಬೇಲೂರಿನಲ್ಲಿರುವ ಶೈಲಾಳ ತಮ್ಮ ನಂಜುಂಡ ತನ್ನ ಗೂಡ್ಸ್ ಆಟೋದಲ್ಲಿ ಬಾನೆಟ್ಟು ಹೊತ್ತುಕೊಂಡು ಹೋದ. ಮೈ ಮತ್ತು ಬಾಗಿಲುಗಳು ನನಗೆ. ಮೂಲ ಬಣ್ಣ ಯಾವುದಿತ್ತು ಎಂದು ಹುಡುಕಿದರೆ ತುಕ್ಕು ಬಿಟ್ಟು ಏನೂ ಕಾಣಲಿಲ್ಲ. ಅಮ್ಮನನ್ನು ಕೇಳಿದೆ. "ಎಳನೀರು ಬಣ್ಣ ಕಣೋ. ನಿಮ್ಮಪ್ಪ ಆಸೆಪಟ್ಟು ತಂದಿದ್ದು" ಅಂದರು.

ಕೂಡಲೇ ಇಬ್ಬರಿಗೂ ಫೋನ್ ಮಾಡಿ ಎಳನೀರು ಬಣ್ಣ ಎಂದು ಸ್ಪಷ್ಟವಾಗಿ ತಿಳಿಸಿದೆ. ಇಬ್ಬರೂ ಮರುಪ್ರಶ್ನೆ ಹಾಕದೆ ಆಯಿತು ಎಂದರು. ಊರೂರಿಗೂ ತೆಂಗಿನ ತೋಟ ಇರುವ ಸೀಮೆ ನಮ್ಮದು. ಎಳನೀರು ಹೇಗಿರುತ್ತದೆ ಎಂದು ಯಾರಿಗೆ ತಾನೇ ಹೇಳಿಕೊಡಬೇಕು?

ನಾನು ಶಾಸ್ತ್ರೀಯವಾಗಿ ಯೋಚಿಸಿದೆ. ಎಳನೀರು ಎಂದರೆ ನೀರು. ಚಿಪ್ಪಲ್ಲ, ಮಟ್ಟೆಯಲ್ಲ, ಒಳಗಿನ ದ್ರವ. ಹಾಗಾಗಿ ಉಪ್ಪುಕಾಗದದಲ್ಲಿ ಮೈಯನ್ನೆಲ್ಲ ಉಜ್ಜಿ, ನಸುಬಿಳಿ ಬಣ್ಣ ಹೊಡೆದೆ. ನಾಲ್ಕು ದಿನ ಕಳೆದು ಅಕ್ಕ ಬಂದಳು. ಡಿಕ್ಕಿಯ ಮುಚ್ಚಳ ಗಿಳಿಯ ಹಾಗೆ ಹಚ್ಚಹಸಿರಾಗಿತ್ತು. ಇದೇನಕ್ಕ ಎಂದರೆ, "ಎಳನೀರು ಹಸಿರಿರಲ್ದೆ ಇನ್ನೇನಿರ್ತದೋ? ಗೊನೆ ನೋಡಿಲ್ವಾ ನೀನು?" ಎಂದು ನನ್ನನ್ನೇ ಕೇಳಿದಳು. ಅಷ್ಟರಲ್ಲಿ ನಂಜುಂಡನ ಆಟೋ ಬಂತು. ಅದರಿಂದ ಇಳಿದ ಬಾನೆಟ್ಟು ಕಡುಕೇಸರಿ.

"ನಮ್ಮ ಹಿತ್ತಲಲ್ಲಿರೋದು ಗೆಂದಾಳಿ ಮರ, ಭಾವ. ಕೇಸರಿ ಕಾಯಿ. ನಮ್ಮ ಮನೇಲಿ ಎಳನೀರು ಅಂದ್ರೆ ಅದೇ" ಎಂದ ನಂಜುಂಡ, ಸ್ವಲ್ಪವೂ ಅಳುಕದೆ.

ತೀರ್ಪಿಗಾಗಿ ಅಮ್ಮನ ಬಳಿ ಹೋದೆವು. ಅಮ್ಮ ಮೂರನ್ನೂ ಬಹಳ ಹೊತ್ತು ನೋಡಿ, ಯಾವ ಎಳನೀರು ಅಂತ ತಮಗೂ ಮರೆತುಹೋಗಿದೆ ಅಂದರು. ಸರಿ, ಸದ್ಯಕ್ಕೆ ಜೋಡಿಸೋಣ ಎಂದು ಮೂವರೂ ಸೇರಿ ಜೋಡಿಸಿದೆವು. ಸ್ಕ್ರೂಗಳು ಕೆಲವು ಉದ್ದವಾದವು, ಕೆಲವು ಗಿಡ್ಡವಾದವು. ಎಲ್ಲ ಮುಗಿದ ಮೇಲೂ ಬಕೀಟಿನಲ್ಲಿ ಒಂದು ಹಿಡಿ ಉಳಿದಿತ್ತು. ಡ್ರೈವರ್ ಕಡೆಯ ಬಾಗಿಲು ಹೊರಗಿನಿಂದ ತೆಗೆದರೆ ಮಾತ್ರ ತೆರೆದುಕೊಳ್ಳುತ್ತಿತ್ತು. ಒಳಗಿನ ಹಿಡಿಕೆ ಕೇವಲ ಅಲಂಕಾರಕ್ಕೆ.

ಆಗ ಶೈಲಾ ಹಿತ್ತಲ ಬಾಗಿಲಲ್ಲಿ ನಿಂತು, "ರೀ, ಸ್ವಲ್ಪ ದೂರ ಹೋಗಿ ನೋಡಿ" ಎಂದಳು.

ಬಾವಿಕಟ್ಟೆಯವರೆಗೂ ಹೋಗಿ ತಿರುಗಿ ನೋಡಿದೆ. ಮುಂದೆ ಕೇಸರಿ, ನಡುವೆ ಬಿಳಿ, ಹಿಂದೆ ಹಸಿರು. ನನ್ನ ಕೈ ತಾನಾಗಿಯೇ ಹಣೆಯ ಕಡೆ ಏರಿತು.

ಎಲ್ಲವನ್ನೂ ಉಜ್ಜಿ ಮತ್ತೆ ಒಂದೇ ಬಣ್ಣ ಹೊಡೆಯೋಣ ಎಂದೆ. ಆದರೆ ಅಮ್ಮ ಆಗಲೇ ಚೀಲಕ್ಕೆ ಸೀರೆ ತುಂಬುತ್ತಿದ್ದರು. ತಂಗಿಗೆಂದು ಕೊಬ್ಬರಿಮಿಠಾಯಿ ಕೂಡ ಮಾಡಿಯಾಗಿತ್ತು. "ಬಣ್ಣ ಏನು ವಾಂತಿ ಮಾಡುಸ್ತದೇನೋ? ಗಾಳಿ ಬಂದ್ರೆ ಸಾಕು, ನಡಿ" ಅಂದರು. ಆ ಮುಖ ನೋಡಿದ ಮೇಲೆ ಇನ್ನೊಂದು ವಾರ ಕಾಯಮ್ಮ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ವೈರಿಂಗ್ ಒಂದು ಬಾಕಿ ಇತ್ತು. ವಿದ್ಯುತ್ತು ನಾನು ಪ್ರತಿವರ್ಷ ಕಲಿಸುವ ಪಾಠ. ಮಧ್ಯಾಹ್ನದೊಳಗೆ ಮುಗಿಸಿದೆ. ಪರೀಕ್ಷೆ ಮಾಡಿದಾಗ ಎಲ್ಲ ಉಪಕರಣಗಳೂ ಕೆಲಸ ಮಾಡುತ್ತಿದ್ದವು. ಆದರೆ ಬ್ರೇಕ್ ಒತ್ತಿದರೆ ಹಾರನ್ ಕೂಗುತ್ತಿತ್ತು, ಹಾರನ್ ಒತ್ತಿದರೆ ವೈಪರ್ ಆಡುತ್ತಿತ್ತು. ಬ್ರೇಕ್ ಹೇಗೂ ಹಿಡಿಯುತ್ತಿತ್ತು. ಹಿಡಿಯುವಾಗ ಕೂಗಿದರೆ ಎದುರಿನವರಿಗೂ ಒಳ್ಳೆಯದೇ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಹೊರಟೆವು. ಮುಂದೆ ಅಮ್ಮ, ಹಿಂದೆ ಬುತ್ತಿ ಹಿಡಿದ ಶೈಲಾ. ಅಮ್ಮ ಮುಕ್ಕೋಣದ ಗಾಜು ತಿರುಗಿಸಿ, ಕಣ್ಣು ಮುಚ್ಚಿ, ಗಾಳಿಗೆ ಮುಖ ಒಡ್ಡಿ ಕೂತರು. ನಾನು ರಸ್ತೆಗಿಂತ ಅಮ್ಮನನ್ನೇ ಹೆಚ್ಚು ನೋಡುತ್ತಿದ್ದೆ. ನಮ್ಮ ಬೀದಿ ದಾಟಿತು. ಊರು ದಾಟಿತು. ಅಮ್ಮ ಆರಾಮಾಗಿಯೇ ಇದ್ದರು.

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೋಗುವವರೆಗೆ ಹಳ್ಳಿಗೊಂದು ಹಂಪು. ಪ್ರತಿ ಹಂಪಿಗೂ ಬ್ರೇಕು, ಪ್ರತಿ ಬ್ರೇಕಿಗೂ ಹಾರನ್ನು. ಹಾರನ್ ಕೇಳಿ ಜನ ತಿರುಗಿ ನೋಡುತ್ತಿದ್ದರು. ನೋಡಿದರೆ ಕೇಸರಿ, ಬಿಳಿ, ಹಸಿರು! ಒಂದು ಕಡೆ ಮಕ್ಕಳು ಭಾರತ್ ಮಾತಾ ಕಿ ಜೈ ಎಂದು ಕೂಗುತ್ತಾ ಹಿಂದೆಯೇ ಓಡಿಬಂದರು. ಟೀ ಅಂಗಡಿಯ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟು ಎದ್ದು ನಿಂತರು. ಇನ್ನೊಂದು ಹಂಪಿನಲ್ಲಿ ಒಬ್ಬ ಕಿಟಕಿಗೆ ತಲೆ ಹಾಕಿ, "ಯಾವ್ ಪಾರ್ಟಿ ಸಾ? ಊಟದ ವ್ಯವಸ್ಥೆ ಎಲ್ಲೈತೆ?" ಎಂದು ಕೇಳಿದ. ನಾನು ಸ್ಟೀರಿಂಗಿನೊಳಗೆ ತಲೆ ಹುದುಗಿಸಿಕೊಂಡೆ. ಅಮ್ಮ ಮಾತ್ರ ಎಲ್ಲರಿಗೂ ಕೈಬೀಸುತ್ತಿದ್ದರು.

"ನಿಮ್ಮಪ್ಪನ ಕಾರು ಅಂತ ಜನಕ್ಕೆ ಇನ್ನೂ ಗುರುತೈತೆ ನೋಡು" ಅಂದರು.

ಹಿಂದಿನಿಂದ ಶೈಲಾ ನನ್ನ ಭುಜ ತಿವಿದಳು. ಸುಮ್ಮನಿರಿ ಎಂದು ಅರ್ಥ. ನಾನು ಹೌದಮ್ಮ ಎಂದೆ.

ಚಿಕ್ಕಮ್ಮನ ಮನೆ ದೇವಸ್ಥಾನದ ಹತ್ತಿರದ ಬೀದಿಯಲ್ಲಿದೆ. ಕಾರು ನಿಂತದ್ದೇ ತಡ, ಅಮ್ಮ ತಮ್ಮ ಕಡೆಯ ಬಾಗಿಲು ತೆಗೆದುಕೊಂಡು ಇಳಿದು ಸರಸರ ನಡೆದುಬಿಟ್ಟರು. ಒಮ್ಮೆಯೂ ವಾಂತಿಯಾಗಿರಲಿಲ್ಲ. ಚಿಕ್ಕಮ್ಮ ವಾಕರ್ ಹಿಡಿದು ಜಗುಲಿಗೆ ಬಂದಿದ್ದರು. ಅಮ್ಮ, "ಎಲ್ಲಿ ಕಾಲು ತೋರ್ಸೇ" ಎಂದು ತಂಗಿಯನ್ನು ಕೂರಿಸಿಕೊಂಡು, ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಸವರತೊಡಗಿದರು. ಇಬ್ಬರೂ ಒಟ್ಟಿಗೇ ಮಾತು ಶುರುಮಾಡಿದರು. ಯಾರಿಗೆ ಯಾರ ಮಾತು ಕೇಳಿಸುತ್ತಿತ್ತೋ ಕಾಣೆ. ಎದುರೆದುರು ಕೂತಾಗ ಅದು ಅಷ್ಟೇನೂ ಮುಖ್ಯವಲ್ಲ ಎಂದು ಕಾಣುತ್ತದೆ.

ಇದನ್ನೆಲ್ಲ ನಾನು ಕಣ್ತುಂಬ ನೋಡಿದ್ದು ಮುಂದಿನ ಗಾಜಿನ ಮೂಲಕ. ಶೈಲಾ ಬುತ್ತಿ ಹಿಡಿದು ಒಳಗೆ ಹೋಗಿಯಾಗಿತ್ತು. ನನ್ನ ಬಾಗಿಲು ತೆಗೆಯಬೇಕೆಂದು ಯಾರಿಗೂ ನೆನಪಾಗಲಿಲ್ಲ. ಕರೆಯೋಣವೆಂದು ಹಾರನ್ ಒತ್ತಿದೆ. ವೈಪರ್ ಆಡಿತು. ಬ್ರೇಕ್ ಒತ್ತಿದೆ. ಹಾರನ್ ಜೋರಾಗಿಯೇ ಕೂಗಿತು, ಆದರೆ ಜಗುಲಿಯಲ್ಲಿದ್ದ ಇಬ್ಬರಿಗೂ ಕೇಳಿಸಲಿಲ್ಲ. ಕೊನೆಗೆ ಕಾಫಿಗೆ ಕರೆಯಲು ಬಂದ ಶೈಲಾ ಬಾಗಿಲು ತೆಗೆದಳು.

"ಅಮ್ಮ ಇಳಿದ ಕಡೆಯಿಂದ ಇಳೀಬೋದಿತ್ತಲ್ರೀ" ಎಂದಳು.

ಇಳಿಯಬಹುದಿತ್ತು. ಸೀಟು ಈ ತುದಿಯಿಂದ ಆ ತುದಿಯವರೆಗೆ ಒಂದೇ ಇದೆ. ಸುಮ್ಮನೆ ಜಾರಿದ್ದರೆ ಸಾಕಿತ್ತು.

ಇಳಿದು ನೋಡಿದರೆ ಕಾರಿನ ಸುತ್ತ ಜನ. ದೇವಸ್ಥಾನ ನೋಡಲು ಬಂದಿದ್ದ ಕಾಲೇಜಿನ ಹುಡುಗ ಹುಡುಗಿಯರು ಕಾರಿನ ಫೋಟೋ ತೆಗೆಯುತ್ತಿದ್ದರು. ಯಾರು ಸಾರ್ ಇದನ್ನು ರೆಡಿ ಮಾಡಿದ್ದು ಎಂದು ಒಬ್ಬ ಕೇಳಿದ. ನಾನೇ ಎಂದೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿದ್ದು ಸುಳ್ಳಲ್ಲ. ಅವನು ಫೋನ್ ಎತ್ತಿದ. ನಾನು ತಲೆ ಸವರಿಕೊಂಡು, ಬಾನೆಟ್ಟಿನ ಮೇಲೆ ಒಂದು ಕೈಯಿಟ್ಟು, ಮಂದಹಾಸ ಬೀರುತ್ತಾ ನಿಂತೆ.

"ಅಂಕಲ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದ.

ಬಂದೆ. ಹಾಗೆ ಪಕ್ಕಕ್ಕೆ ಸರಿದ ನನಗೆ ಆ ಗುಂಪಿನ ಹುಡುಗಿಯೊಬ್ಬಳು ತನ್ನ ಫೋನ್ ಕೊಟ್ಟು, ತಾವೆಲ್ಲ ಕಾರಿನ ಜೊತೆ ನಿಲ್ಲುವುದಾಗಿಯೂ ಒಂದು ಫೋಟೋ ತೆಗೆದುಕೊಡಬೇಕೆಂದೂ ಕೇಳಿಕೊಂಡಳು. ದೃಗ್ವಿಜ್ಞಾನವೂ ನನ್ನ ಪಾಠವೇ. ಬೆಳಕು ನೋಡಿದೆ, ಕೋನ ನೋಡಿದೆ, ಎರಡು ಹೆಜ್ಜೆ ಹಿಂದೆ ಹೋದೆ, ಬಗ್ಗಿದೆ, ಒತ್ತಿದೆ. ಅವಳು ಫೋನ್ ಈಸಿಕೊಂಡು ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

"ನಾವೆಲ್ಲ ಚೆನ್ನಾಗಿ ಬಂದಿದೀವಿ ಅಂಕಲ್" ಎಂದಳು. "ಕಾರೊಂದೇ ಬಂದಿಲ್ಲ."