ಅತ್ತೆಯ ಅತ್ತರು

ಸೀಸೆಯ ಬಿರಡೆ ಬಿಗಿಯಾಗಿ ಕೂತಿತ್ತು. ಇಷ್ಟೇ ಕಾರಣ. ಮದುವೆ ಮನೆಗೆ ಹೊರಟವನು ತಾನೂ ಒಂದು ಹನಿ ಹಚ್ಚಿಕೊಂಡು ಹೋಗೋಣವೆಂದು ಗುರುಶಾಂತ ಅದನ್ನು ಹಲ್ಲಿನಿಂದ ಕಚ್ಚಿ ಎಳೆದ. ಬಿರಡೆ ಬಾಯಿಗೆ ಬಂತು, ಅತ್ತರು ಎದೆಯ ಮೇಲೆ ಸುರಿಯಿತು, ಸೀಸೆ ಅಂಗಡಿಯ ಫರಸಿ ನೆಲಕ್ಕೆ ಬಿದ್ದು ಚೂರಾಯಿತು. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು.

ಅದು ಅಂತಿಂಥ ಅತ್ತರಲ್ಲ. ಗುರುಶಾಂತನ ಸೋದರತ್ತೆ ಪಾರ್ವತಿಬಾಯಿ ಒಂದು ಹಳೆಯ ಹೊಲಿಗೆ ಯಂತ್ರದಿಂದ ಶುರುಮಾಡಿ, ತಾಲೂಕಿಗೆಲ್ಲ ಫ್ಯಾಶನ್ ಡಿಸೈನರ್ ಅನ್ನಿಸಿಕೊಂಡವಳು. ಅಜ್ಜಿಯರ ಇಳಕಲ್ ಸೆರಗು ಕತ್ತರಿಸಿ ಮೊಮ್ಮಕ್ಕಳಿಗೆ ಲೆಹೆಂಗಾ ಮಾಡಿದಾಗ ಬೈದವರೇ ಆಮೇಲೆ ಸಾಲುಗಟ್ಟಿ ನಿಂತರು. ಹೊಲಿಗೆಯ ಜೊತೆಗೆ ಅವಳಿಗೆ ಅತ್ತರಿನ ಹುಚ್ಚು. ಬದ್ರುದ್ದೀನನ ಅಂಗಡಿಯಿಂದ ಖಸ್, ಕೇದಗೆ, ಮಲ್ಲಿಗೆ ತಂದು, ಬಾಗಿಲು ಹಾಕಿಕೊಂಡು ಅದೇನೋ ಬೆರೆಸುತ್ತಿದ್ದಳು. ಮದುಮಗಳ ಕುಪ್ಪಸ ಕೊಡಲು ಹೋದಾಗ ಆ ಮನೆಯ ಹಿರಿಯಳ ಕಣ್ಣೆದುರಿಗೇ ಸೀಸೆ ತೆರೆದು ಒಳಹೊಲಿಗೆಗೆ ಒಂದು ಹನಿ ಹಚ್ಚಬೇಕು. ಹಿರಿಯಳು ಮೂಸಿ ತಲೆಯಾಡಿಸಿದರೆ ಮಾತ್ರ ಬಟ್ಟೆ ಒಪ್ಪಿದಂತೆ. ಹೋದ ವರ್ಷ ಪಾರ್ವತಿಬಾಯಿ ತೀರಿಕೊಂಡಾಗ ಬೆರಕೆಯ ಗುಟ್ಟೂ ಅವಳ ಜೊತೆಗೇ ಹೋಯಿತು. ಉಳಿದದ್ದು ಇದೊಂದೇ ಸೀಸೆ.

ಗುರುಶಾಂತನಿಗೆ ಕತ್ತರಿ ಹಿಡಿಯಲು ಬಾರದು. ಇಸ್ತ್ರಿ ಮಾಡುವುದು, ಗಂಟು ಹೊರುವುದು ಅವನ ಕೆಲಸ. ಅಂಗಡಿಯಲ್ಲಿರಲಿ, ಗಿರಾಕಿಗಳ ಮನೆಯಲ್ಲಿರಲಿ, ಅತ್ತೆ ಅವನನ್ನು ಬಯ್ಯದೆ ನೀರು ಕುಡಿದವಳಲ್ಲ, ಆದರೂ ಹೊರಗೆ ಹಾಕಿರಲಿಲ್ಲ. ಈಗ ಅಂಗಡಿ ಅವಳ ಮಗಳು ವಿಜಯಶ್ರೀಯದು. ಸೀಸೆಗೇನಾದರೂ ಆದರೆ ಮತ್ತೆ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದು ಆಕೆ ನಗುತ್ತಲೇ ಹೇಳಿದ್ದಳು. ಆ ನಗೆ ಅವನಿಗೆ ರಾತ್ರಿಯೆಲ್ಲ ನಿದ್ದೆ ಕೊಟ್ಟಿರಲಿಲ್ಲ. ಈ ವಯಸ್ಸಿನಲ್ಲಿ ತನಗೆ ಇನ್ಯಾರು ಕೆಲಸ ಕೊಟ್ಟಾರು?

ನಳದ ಕೆಳಗೆ ನಿಂತು ಎದೆ ತಿಕ್ಕಿಕೊಂಡ. ನೀರು ಬಿದ್ದಷ್ಟೂ ಪರಿಮಳ ಏರಿತು. ಅಂಗಿ ಬದಲಿಸಿದರೂ ಮೈ ಘಮ್ಮೆನ್ನುತ್ತಿತ್ತು. ಚೂರುಗಳನ್ನು ಮೇಜಿನ ಕೆಳಗೆ ತಳ್ಳಿ, ಕುಪ್ಪಸದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಓಡಿದ.

ರಾಜೇಶ್ವರ ದಾಟುವ ಮೊದಲೇ ಹಿಂದಿನ ಸೀಟಿನ ದುಬಲಗುಂಡಿಯ ಹೆಂಗಸು ಮೂಗೆತ್ತಿದಳು. ತನ್ನ ಮದುವೆಯ ಕುಪ್ಪಸದ ವಾಸನೆ ಇದೇ, ಪಾರ್ವತಿಬಾಯಿ ಸತ್ತು ವರ್ಷವಾಯಿತು, ಸತ್ತವಳ ವಾಸನೆ ಬಸ್ಸಿಗೆ ಹೇಗೆ ಬಂತು ಎಂದು ಪಕ್ಕದವಳನ್ನು ಕೇಳಿದಳು. ಇಬ್ಬರೂ ಗುರುಶಾಂತನನ್ನು ನೋಡಿದರು. ಅವನು ಬೆವರುತ್ತಿದ್ದ, ತುಟಿ ಮಣಮಣ ಅನ್ನುತ್ತಿತ್ತು. ಪಾಪ, ವಿಜಯಶ್ರೀಗೆ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದ.

"ಮೈಮ್ಯಾಲ ಬಂದಾಳ," ಎಂದಳು ದುಬಲಗುಂಡಿಯವಳು.

ಅಲ್ಲಿಂದ ಮುಂದೆ ಅವನ ಅಕ್ಕಪಕ್ಕದ ಸೀಟುಗಳು ಖಾಲಿ. ಕಂಡಕ್ಟರ್ ಕೂಡ ದೂರದಿಂದಲೇ ಕೈ ಚಾಚಿ ಟಿಕೆಟ್ ಕೊಟ್ಟ. ಹುಮನಾಬಾದಿನಲ್ಲಿ ಇಳಿದ ಮೇಲೂ ಆ ಹೆಂಗಸು ಅವನ ಬೆನ್ನು ಬಿಡಲಿಲ್ಲ. ಮದುವೆ ಮನೆಯ ಓಣಿ ಬರುತ್ತಲೇ ಅವನನ್ನು ದಾಟಿ ಒಳಗೆ ಹೋಗಿ ಸುದ್ದಿ ಮುಟ್ಟಿಸಿಬಿಟ್ಟಳು.

ಬಾಗಿಲಲ್ಲಿ ಮದುಮಗಳು ವರ್ಷಾಳ ಅಜ್ಜಿ ಸುಮನಬಾಯಿ ಕೈಮುಗಿದು ನಿಂತಿದ್ದಳು. "ಪಾರ್ವತಿಬಾಯಿ, ನೀವೇ ಬಂದೀರೇನ್ರಿ?"

ಗುರುಶಾಂತ ಇಲ್ಲ ಎನ್ನಲು ಬಾಯಿ ತೆರೆದ. ಇಲ್ಲ ಅಂದರೆ ಮುಂದಿನ ಪ್ರಶ್ನೆ ಸೀಸೆಯದು.

"ಹೂಂ," ಎಂದ.

ಅವನನ್ನು ಜಮಖಾನದ ಮೇಲೆ ಕೂರಿಸಿ ಹಣೆಗೆ ಕುಂಕುಮ ಹಚ್ಚಿದರು. ವರ್ಷಾಳ ತಂದೆ ಬಂಡೆಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. ಗೋಡೆಗೆ ಒರಗಿಸಿದ್ದ ಬಡಿಗೆ ಕೈಗೆ ತೆಗೆದುಕೊಂಡು, ಇದು ನಾಟಕವಾದರೆ ಕಾಲು ಮುರಿಯುತ್ತೇನೆ ಎಂದ. ಗುರುಶಾಂತ ಕಾಲು ಮಡಚಿ ಒಳಗೆಳೆದುಕೊಂಡ. ಸುಮನಬಾಯಿ ಮಗನನ್ನು ತಡೆದು, ಪರೀಕ್ಷೆ ತಾನೇ ಮಾಡುತ್ತೇನೆಂದು ಎದುರಿಗೆ ಕೂತಳು.

"ಖರೇ ನೀವೇ ಇದ್ರ ಹೇಳ್ರಿ, ಆ ಗುರುಶಾಂತ ಹ್ಯಾಂಗ?"

ಗುರುಶಾಂತ ಕಣ್ಣು ಮುಚ್ಚಿದ. ವರ್ಷಗಟ್ಟಲೆ ಕೇಳಿದ್ದು ತಾನಾಗಿ ಹೊರಬಂತು. "ಅವ ಮನಷ್ಯಾ ಏನ್ರಿ? ಇಸ್ತ್ರಿ ಹಿಡದ್ರ ಸುಡ್ತಾನ, ಗಂಟು ಹೊತ್ರ ಬೀಳಸ್ತಾನ. ಊಟಕ್ಕ ಮಾತ್ರ ಮೊದಲ್ನೇ ಪಂಕ್ತಿ." ದನಿಯೂ ಅತ್ತೆಯದೇ ಥರ ಕೀರಲಾಗಿತ್ತು. ನಿಜವಾಗಿಯೂ ಬಂದುಬಿಟ್ಟಳೇ ಎಂದು ಅವನಿಗೇ ಅನುಮಾನ ಬಂತು.

"ಆಕಿನೇ," ಎಂದು ಸುಮನಬಾಯಿ ಕಣ್ಣೀರು ಹಾಕಿದಳು. ಬಂಡೆಪ್ಪ ಒಂದು ಹೆಜ್ಜೆ ಹಿಂದೆ ಸರಿದ, ಆದರೆ ಬಡಿಗೆ ಕೆಳಗಿಡಲಿಲ್ಲ. ಸುಮನಬಾಯಿ ಕುಪ್ಪಸವನ್ನು ಗುರುಶಾಂತನ ಎದೆಗೆ ಒತ್ತಿ ಹಿಡಿದು, ಮೂಸಿ, ತಲೆಯಾಡಿಸಿದಳು. ಬಟ್ಟೆ ಒಪ್ಪಿತವಾಯಿತು.

ಅಷ್ಟರಲ್ಲಿ ವರ್ಷಾ ಒಳ್ಳೆಯ ಮನಸ್ಸಿನಿಂದಲೇ ವಿಜಯಶ್ರೀಗೆ ವಿಡಿಯೊ ಕಾಲ್ ಹಚ್ಚಿ, ನಿಮ್ಮ ಅವ್ವ ಬಂದಿದ್ದಾರೆ ಎಂದು ಎಲ್ಲ ಹೇಳಿ, ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಅದೇ ಕೀರಲು ದನಿಯಲ್ಲಿ ಅವಳ ಹೆಸರು ಕರೆದ. ವಿಜಯಶ್ರೀ ಆ ದನಿ ಕೇಳಿದಳು, ಹಣೆಯ ಕುಂಕುಮ ನೋಡಿದಳು, ಬಿಕ್ಕಿ ಬಿಕ್ಕಿ ಅತ್ತಳು.

"ಅವ್ವ, ನಿನ್ನ ಸೀಸಿ ಒಡದಾದ. ಚೂರು ನಾನೇ ನೋಡ್ದೆ. ಪಾಪ ಗುರುಶಾಂತ ಹೆದರಿ ಓಡಿರಬೇಕು ಅಂತ ನಾ ಆಗಳೇ ಮಾಫ್ ಮಾಡೀನಿ. ಆದ್ರ ಅಂಗಡಿ ನಿಂದು. ಅವನ್ನ ಇಟ್ಕೊಳ್ಲೋ, ಬಿಡ್ಲೋ? ನೀ ಹೇಳ್ದಂಗ."

ಇಟ್ಟುಕೋ ಎಂಬ ಮಾತು ಗುರುಶಾಂತನ ನಾಲಿಗೆಯ ತುದಿಗೆ ಬಂತು. ಸುಮನಬಾಯಿ ಕಿವಿ ಮುಂದೆ ಮಾಡಿದಳು. ಬಂಡೆಪ್ಪ ಬಡಿಗೆಯನ್ನು ಕೈಯಿಂದ ಕೈಗೆ ಬದಲಿಸಿದ. ಪಾರ್ವತಿಬಾಯಿ ಬದುಕಿನಲ್ಲಿ ಒಮ್ಮೆಯಾದರೂ ಗುರುಶಾಂತನ ಪರವಾಗಿ ಮಾತಾಡಿದ್ದಳೇ? ಇಲ್ಲವೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಹೊರಗ ಹಾಕು," ಎಂದ.

"ಆಯ್ತವ್ವ, ನಿನ್ನ ಮಾತು ಮೀರಂಗಿಲ್ಲ," ಎಂದು ವಿಜಯಶ್ರೀ ಕಣ್ಣೊರೆಸಿಕೊಂಡಳು.

ಸುಮನಬಾಯಿ ಅವನ ಮುಖಕ್ಕೆ ನೀರು ಚಿಮುಕಿಸಿದಳು. ಗುರುಶಾಂತ ಮೈ ನಡುಗಿಸಿ, ಕಣ್ಣು ಬಿಟ್ಟು, ಎಲ್ಲಿದ್ದೇನೆ ಎಂಬಂತೆ ಸುತ್ತ ನೋಡಿದ. ಆಕೆ ಅವನ ಕೈಗೆ ಚಹಾ ಕೊಟ್ಟು, ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟಳು.

"ತಮ್ಮ, ಗಟ್ಟಿ ಮನಸ್ ಮಾಡ್ಕೋ. ನಿಮ್ಮತ್ತಿ ಬಂದಿದ್ದಳು. ನಿನ್ನ ಕೆಲಸದಿಂದ ತೆಗಿ ಅಂತ ಹೇಳಿ ಹೋದಳು."

"ಹೌದೇನ್ರಿ?" ಎಂದ ಗುರುಶಾಂತ.